ಕಾಪಾಡುವ ಖರ್ಚಿನಲ್ಲಿ ನಮ್ಮದೂ ಪಾಲಿರಲಿ

ಯುದ್ಧ ಶುರುವಾದ ದೇಶದಿಂದ ನಮ್ಮವರನ್ನು ಕರೆತರಲು ಸರ್ಕಾರ ಹಡಗು, ವಿಮಾನ ಕಳಿಸುತ್ತದೆ. ಆ ಖರ್ಚಿನಲ್ಲಿ ಹೊರಗೆ ದುಡಿಯುವ ನಮ್ಮ ಪಾಲೂ ಇರಬೇಕು ಅನ್ನೋದು ದುಬೈನಲ್ಲಿರುವ ನನ್ನ ಗಟ್ಟಿ ಅನಿಸಿಕೆ. ಆದರೆ ಹೇಗೆ ಕೊಡಬೇಕು ಅನ್ನೋದೇ ಮುಖ್ಯ.

ಅಮೆರಿಕದ ಪ್ರಜೆ ಎಲ್ಲೇ ದುಡಿದರೂ ತನ್ನ ದೇಶಕ್ಕೆ ಆದಾಯದ ಲೆಕ್ಕ ಕೊಡಬೇಕು. ಮೆಕ್ಸಿಕೋದಲ್ಲಿ ನೆಲೆಸಿದ್ದ ಕುಕ್ ಎಂಬಾತ ಇದರ ವಿರುದ್ಧ ಕೋರ್ಟಿಗೆ ಹೋಗಿದ್ದ. ಪ್ರಜೆ ಎಲ್ಲಿದ್ದರೂ ಸರ್ಕಾರದಿಂದ ಅವನಿಗೆ ಅನುಕೂಲ ಇದ್ದೇ ಇದೆ ಎಂದು 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೆರಿಗೆಯನ್ನು ಎತ್ತಿಹಿಡಿಯಿತು. ಇಷ್ಟಾದರೂ ಸಂಕಟದ ಹೊತ್ತಲ್ಲಿ ವಿಮಾನ ಹತ್ತಿಸುವ ಮುಂಚೆ ಸಾಮಾನ್ಯವಾಗಿ ಸಾಲಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತೆರಿಗೆಯನ್ನೂ ಕಟ್ಟಿ, ಟಿಕೆಟ್ ದುಡ್ಡನ್ನೂ ಕೊಡೋದು ಯಾವ ನ್ಯಾಯ? ಆಫ್ರಿಕಾದ ಎರಿಟ್ರಿಯಾ ದೇಶ, ಹೊರಗಿರುವ ತನ್ನವರ ಆದಾಯದಲ್ಲಿ ಶೇ. 2 ಕೇಳುತ್ತದೆ. ಕೊಡದವರಿಗೆ ರಾಯಭಾರ ಕಚೇರಿಯಲ್ಲಿ ಕಾಗದಪತ್ರ ಸಿಗೋದೇ ಕಷ್ಟ. ಅದಂತೂ ಬೇಡವೇ ಬೇಡ.

ನಾವು ಇಲ್ಲಿ ದುಡಿದ ಸಂಬಳಕ್ಕೆ ಭಾರತ ತೆರಿಗೆ ಹಾಕುವುದಿಲ್ಲ. ಆದರೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದಾಗ ಶುಲ್ಕದ ಜೊತೆ 8 ದಿರ್ಹಂ ಬೇರೆಯಾಗಿ ಕಟ್ಟುತ್ತೇವೆ. ಅದು 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ ಹೋಗುತ್ತದೆ. ಕೈ ಖಾಲಿಯಾಗಿ ಸಿಕ್ಕಿಬಿದ್ದ ಕೂಲಿಯವನ ಟಿಕೆಟ್ಟಿಗೆ, ತೀರಿಕೊಂಡವರ ದೇಹ ಊರಿಗೆ ಕಳಿಸೋದಕ್ಕೆ ಈ ದುಡ್ಡು ಆಗುತ್ತದೆ. ಈ ದಾರಿ ನನಗೆ ಒಪ್ಪಿಗೆ. ಮೊತ್ತ ಮಾತ್ರ ತೀರಾ ಕಮ್ಮಿ.

2023ರಲ್ಲಿ ಸುಡಾನ್‌ನಲ್ಲಿ ಗುಂಡಿನ ನಡುವೆ ಸಿಕ್ಕಿಕೊಂಡಿದ್ದವರಲ್ಲಿ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರು. ಬಸ್ಸಲ್ಲಿ ಪೋರ್ಟ್ ಸುಡಾನ್ ತಲುಪಿದವರನ್ನು ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಜಿದ್ದಾಕ್ಕೆ ಸಾಗಿಸಿದವು. ಅಂಥವರ ಮುಂದೆ ಬಿಲ್ ಹಿಡಿಯೋಕೆ ಆಗುತ್ತಾ? ಆದರೆ 2020ರಲ್ಲಿ, ಕೊರೊನಾ ಹೊತ್ತಲ್ಲಿ ಹೊರಗಿದ್ದವರನ್ನು ಕರೆತಂದ ವಂದೇ ಭಾರತ್ ವಿಮಾನಗಳಲ್ಲಿ ಕೆಲಸ ಹೋದವರೂ ಸಾಲ ಮಾಡಿ ಟಿಕೆಟ್ ತಗೊಂಡಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ಬಗೆಯದು, ಆಗಿರುತ್ತದೆ. ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರಲ್ಲಿ ಇಂಥವರೇ ಜಾಸ್ತಿ. ಅವರಿಗೆ 8 ದಿರ್ಹಂ ಹಾಗೇ ಇರಲಿ. ಉಳಿದ ನಾವು ರಿನ್ಯೂ ಮಾಡಿಸುವಾಗ 100 ದಿರ್ಹಂ ಕೊಡೋಣ. ಹತ್ತು ವರ್ಷಕ್ಕೊಮ್ಮೆ ತಾನೇ? ಅದಕ್ಕೆ ಬದಲಾಗಿ, ಸಂಕಟದಲ್ಲಿ ಕರೆತರುವ ಯಾರ ಹತ್ತಿರವೂ ಟಿಕೆಟ್ ದುಡ್ಡು ಕೇಳಬಾರದು. ನಿಧಿಯ ಜಮಾ ಖರ್ಚನ್ನು ಪ್ರತಿ ವರ್ಷ ದೂತಾವಾಸದ ಬಾಗಿಲಲ್ಲೇ ಕನ್ನಡ, ಮಲಯಾಳಂ, ತೆಲುಗು, ಹಿಂದಿಯಲ್ಲಿ ಹಾಕಬೇಕು.