ಇರೋದೇ ಒಂದು ಮುಹೂರ್ತ

2024ರ ಮಾತು. ಅಕ್ಕನ ಮಗನಿಗೆ ಬಾಸ್ಟನ್ನಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿಗೆ ಸೇರುವ ದಿನ ಸೆಪ್ಟೆಂಬರ್ 1 ಅಂದ ಕೂಡಲೇ ಅಕ್ಕ ಬೆಂಗಳೂರಲ್ಲಿ ಗೋಡೆ ಕ್ಯಾಲೆಂಡರ್ ಹತ್ತಿರ ಹೋಗಿದ್ದು ಫೋನಿನಲ್ಲೇ ಕೇಳಿಸಿತು.

"ಮಾರನೇ ದಿನ ಅಮಾವಾಸ್ಯೆ ಕಣೋ. ಎರಡು ದಿನ ಬಿಟ್ಟು ಹೋದ್ರೆ ಆಗಲ್ವಾ?"

"ಆಗಲ್ಲ ಅಕ್ಕ. ಈ ಊರಲ್ಲಿ ಇರೋದೇ ಒಂದು ಮುಹೂರ್ತ."

ತಮಾಷೆಗೆ ಅಂದೆ. ಆದರೆ ಮಾತು ನಿಜ. ಬಾಸ್ಟನ್ನಿನ ಬಾಡಿಗೆ ಕರಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಕಾಲೇಜು ಶುರುವಾಗುವುದು ಆಗ, ಹುಡುಗರು ಬರುವುದು ಆಗ, ಹಾಗಾಗಿ ಮನೆ ಮಾಲೀಕರೂ ಅದೇ ತಾರೀಕು ಹಿಡಿದು ಕೂತರು. ಈಗ ಕಾಲೇಜಿನ ಮೆಟ್ಟಿಲು ಹತ್ತಿ ನಲವತ್ತು ವರ್ಷ ಆದವರೂ ಅದೇ ದಿನ ಮಂಚ ಹೊರಬೇಕು. ನಮ್ಮ ಜೋಯಿಸರಾದರೂ ತಿಂಗಳಿಗೆ ನಾಲ್ಕು ಒಳ್ಳೆ ದಿನ ಬರೆದುಕೊಡುತ್ತಾರೆ.

ಅದರ ಹಿಂದಿನ ರಾತ್ರಿಯದ್ದು ಇನ್ನೂ ಚೆಂದ. ಹಳೇ ಕರಾರು ಆಗಸ್ಟ್ 31ಕ್ಕೆ ಮುಗಿಯುತ್ತದೆ, ಹೊಸದು 1ಕ್ಕೆ ಶುರು. ಹಾಗಾಗಿ 31ರಂದು ಎಲ್ಲರೂ ಮನೆ ಖಾಲಿ ಮಾಡುತ್ತಾರೆ. ಮನೆಗಳೆಲ್ಲ ಖಾಲಿ ನಿಂತಿರುತ್ತವೆ, ಜನ ಸ್ನೇಹಿತರ ಮನೆಯ ನೆಲದ ಮೇಲೆ, ಇಲ್ಲವೇ ಬಾಡಿಗೆ ಟ್ರಕ್ಕಿನ ಸೀಟಿನಲ್ಲಿ ಮಲಗಿರುತ್ತಾರೆ. ಆ ಸ್ನೇಹಿತನದ್ದೂ ಅದೇ ತಾರೀಕಾದರೆ ಇಬ್ಬರೂ ಸೇರಿ ಮೂರನೆಯವನನ್ನು ಹುಡುಕಬೇಕು. ಆ ಒಂದು ರಾತ್ರಿಯಲ್ಲಿ ಮಾಲೀಕರು ಸುಣ್ಣಬಣ್ಣ ಮಾಡಿಸುತ್ತಾರೆ ಎಂಬುದು ನಂಬಿಕೆ. ನಂಬಿಕೆಗೆ ನಮ್ಮಲ್ಲಿ ಮಾತ್ರ ಬರ ಇಲ್ಲ ಅಂದುಕೊಂಡಿದ್ದೆ.

ನ್ಯೂಯಾರ್ಕಿನಲ್ಲೂ ಹಿಂದೆ ಇಂಥದ್ದೇ ಒಂದು ಪದ್ಧತಿ ಇತ್ತು. ಮೇ 1ರ ಬೆಳಿಗ್ಗೆ 9 ಗಂಟೆಗೆ ಇಡೀ ಊರು ಬೀದಿಗೆ ಬರುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅವರಿಗೆ ಬುದ್ಧಿ ಬಂತು, ಬಿಟ್ಟರು.

ನಮ್ಮ ಹುಡುಗನ ಕಾಲೇಜು ಮಾತ್ರ ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಯೋಜಿಸಿತ್ತು. ನಮ್ಮ ಸ್ಲಾಟ್ 10.20ರಿಂದ 10.50. ಗಾಡಿ ನಿಲ್ಲಿಸಿ, ಸಾಮಾನು ಇಳಿಸಿ, ಜಾಗ ಖಾಲಿ ಮಾಡಲು ಅರ್ಧ ಗಂಟೆ. ಅದನ್ನು ಹೇಳಲು ಐದು ಮೇಲ್. ಜೊತೆಗೆ ತರಬಾರದ ವಸ್ತುಗಳ ಪಟ್ಟಿ: ಮೇಣದ ಬತ್ತಿ, ಊದಿನಕಡ್ಡಿ, ರೈಸ್ ಕುಕ್ಕರ್. ಅಕ್ಕ ಸೂಟ್‌ಕೇಸಿನಲ್ಲಿ ತುಂಬಿ ಕಳಿಸಿದ್ದೂ ಹೆಚ್ಚುಕಡಿಮೆ ಅದೇ ಪಟ್ಟಿ. ಹಾಸ್ಟೆಲ್ ಮಂಚದ ಉದ್ದ 80 ಇಂಚು, ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಂಗಲ್ ಬೆಡ್‌ಶೀಟ್ 75 ಇಂಚಿನ ಹಾಸಿಗೆಗೆ ಹೊಲಿದದ್ದು. ಆ ಐದು ಇಂಚಿಗಾಗಿ ನಾಲ್ಕು ವರ್ಷಕ್ಕೆ ಮಾತ್ರ ಉಪಯೋಗವಾಗುವ ಬೆಡ್‌ಶೀಟ್ ಬೇರೆ ಕೊಳ್ಳಬೇಕು.

ಆ ದಿನ ಭಾನುವಾರ. ಒಂಬತ್ತೂವರೆಗೇ ಚಾರ್ಲ್ಸ್ ನದಿ ಪಕ್ಕದ ಸ್ಟಾರೋ ಡ್ರೈವ್ ಹಿಡಿದೆವು. ಹತ್ತು ನಿಮಿಷಕ್ಕೆ ಎಲ್ಲ ನಿಂತಿತು. ಮುಂದೆ ಒಂದು ಬಾಡಿಗೆ ಟ್ರಕ್ಕು ಸೇತುವೆ ಕೆಳಗೆ ಸಿಕ್ಕಿಕೊಂಡಿತ್ತು.

ಈ ರಸ್ತೆಯ ಸೇತುವೆಗಳ ಎತ್ತರ ಸುಮಾರು 10 ಅಡಿ. ಕಾರು ಮಾತ್ರ ಬನ್ನಿ ಅಂತ ರಸ್ತೆಯ ಬಾಯಲ್ಲೇ ಬೋರ್ಡು ತೂಗುಹಾಕಿದ್ದಾರೆ. ಪ್ರತಿ ವರ್ಷ ಆಗಸ್ಟ್ ಕೊನೆಗೆ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಡುತ್ತಾರೆ. ಪ್ರತಿ ವರ್ಷ ಯಾರಾದರೂ ಹೋಗಿ ಗುದ್ದುತ್ತಾರೆ. ಊರಿನವರು ಇದಕ್ಕೆ ಒಂದು ಕ್ರಿಯಾಪದವನ್ನೇ ಮಾಡಿಕೊಂಡಿದ್ದಾರೆ, 'ಸ್ಟಾರೋಡ್' ಆಯ್ತು ಅಂತಾರೆ. ನಮ್ಮ ಮುಂದಿನ ಟ್ರಕ್ಕಿನ ಚಾವಣಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಹಿಂದಕ್ಕೆ ಸುಲಿದಿತ್ತು. ಒಳಗೆ ಒಂದು ಮಂಚ, ಗಿಟಾರು, ಸೆಲ್ಲೋಟೇಪ್ ಸುತ್ತಿದ ಕನ್ನಡಿ. ಕನ್ನಡಿಗೆ ಏನೂ ಆಗಿರಲಿಲ್ಲ. ಓಡಿಸುತ್ತಿದ್ದ ಹುಡುಗ ಪೊಲೀಸರಿಗೆ ಕೈಯಾಡಿಸಿ ವಿವರಿಸುತ್ತಿದ್ದ: "ಹದಿನೈದು ಅಡಿ ಟ್ರಕ್ಕು ಅಂತ ಹೇಳಿ ಕೊಟ್ಟರು!" ಹದಿನೈದು ಅಡಿ ಅನ್ನುವುದು ಉದ್ದದ ಲೆಕ್ಕ, ಎತ್ತರ 12 ಎಂದು ಪೊಲೀಸರು ಸಮಾಧಾನದಿಂದ ತಿಳಿಸಿದರು. ನನಗೆ ಅರ್ಥವಾಗದ್ದು ಬೇರೆ. ಹದಿನೈದು ಅಂದುಕೊಂಡೇ ಹತ್ತರ ಕೆಳಗೆ ನುಗ್ಗಿಸಿದನಲ್ಲ!

ಈ ರಸ್ತೆಯ ಕತೆಯೂ ಕೇಳುವಂಥದ್ದು. ಹೆಲೆನ್ ಸ್ಟಾರೋ ಎಂಬಾಕೆ ನದಿದಂಡೆಯ ಉದ್ಯಾನಕ್ಕೆ 10 ಲಕ್ಷ ಡಾಲರ್ ಕೊಟ್ಟರು, ಅಲ್ಲಿ ಹೆದ್ದಾರಿ ಮಾತ್ರ ಬೇಡ ಅಂದರು. 1944ರಲ್ಲಿ ತೀರಿಕೊಂಡರು. 1951ರಲ್ಲಿ ಅಲ್ಲೇ ರಸ್ತೆ ಬಂತು. ಅದಕ್ಕೆ ಇಟ್ಟ ಹೆಸರು ಆಕೆಯ ಗಂಡನದ್ದು. ಆಯಮ್ಮನ ಶಾಪ ಟ್ರಕ್ಕುಗಳಿಗೆ ತಟ್ಟುತ್ತಿದೆ ಅಂತ ನಾನಂತೂ ನಂಬಿದ್ದೇನೆ.

ಹಾಸ್ಟೆಲ್ ಮುಂದೆ ತಲುಪಿದಾಗ 11.40. ಒಂದೇ ಬಣ್ಣದ ಟೀ ಶರ್ಟ್ ಹಾಕಿ ನಿಂತಿದ್ದ ಕಾಲೇಜಿನ ಸ್ವಯಂಸೇವಕರಲ್ಲಿ ಒಬ್ಬ ಹುಡುಗಿ ನಗುನಗುತ್ತಲೇ ನಮ್ಮ ಸ್ಲಾಟ್ ತೀರಿಹೋಗಿದೆ ಅಂದಳು. ಮುಂದಿನದು ಸಂಜೆ 4.30ಕ್ಕೆ. ಅಲ್ಲಿವರೆಗೆ ಗಾಡಿ ಎಲ್ಲಿ ನಿಲ್ಲಿಸೋದು? ಸುತ್ತಮುತ್ತ ಒಂದೊಂದು ಕಂಬದ ಮೇಲೂ ಪಾರ್ಕಿಂಗ್ ನಿಷೇಧದ ಬೋರ್ಡು. ಸಾಮಾನು ಸಾಗಿಸುವವರು ನಗರಸಭೆಯಿಂದ ಪರವಾನಗಿ ತಗೊಂಡು ಮೊದಲೇ ಕಟ್ಟಿಸಿದ್ದು. ಎಲ್ಲದರ ಮೇಲೂ ಅದೇ ತಾರೀಕು. ಕಾದಿರಿಸಿದವರೆಲ್ಲ ಬಹುಶಃ ಸೇತುವೆ ಕೆಳಗೆ ನಿಂತಿದ್ದರು.

ಸುಮ್ನೆ ಸುತ್ತುತ್ತಾ ಆಲ್‌ಸ್ಟನ್ ಬಡಾವಣೆಗೆ ಹೋದೆವು. ಫುಟ್‌ಪಾತ್ ಉದ್ದಕ್ಕೂ ಸೋಫಾ, ಮೇಜು, ದೀಪದ ಕಂಬ, ಮೂರು ಕಾಲಿನ ಕುರ್ಚಿ. ಖಾಲಿ ಮಾಡುವವರು ಬಿಟ್ಟು ಹೋಗುತ್ತಾರೆ, ಬರುವವರು ಎತ್ತಿಕೊಳ್ಳುತ್ತಾರೆ. ಇದಕ್ಕೆ ಇಲ್ಲಿನವರು ಪ್ರೀತಿಯಿಂದ 'ಆಲ್‌ಸ್ಟನ್ ಕ್ರಿಸ್‌ಮಸ್' ಅಂತಾರೆ. ಇಬ್ಬರು ಹುಡುಗರು ಒಂದು ಕಂದು ಸೋಫಾವನ್ನು ರಸ್ತೆಯ ಈ ಬದಿಯಿಂದ ಆ ಬದಿಗೆ ಹೊರುತ್ತಿದ್ದರು. ಮುಂದಿನ ವರ್ಷ ಅದು ಈ ಬದಿಗೆ ವಾಪಸ್ ಬರುತ್ತದೆ. ತಿಗಣೆ ಇರಬಹುದು, ಮುಟ್ಟಬೇಡಿ ಅಂತ ನಗರಸಭೆಯವರು ಬುದ್ಧಿ ಹೇಳುತ್ತಲೇ ಇರುತ್ತಾರೆ. ಯೋಚಿಸಿದರೆ ಇಡೀ ಊರಿನಲ್ಲಿ ಕರಾರಿಲ್ಲದೆ, ಸ್ಲಾಟ್ ಇಲ್ಲದೆ, ಮುಂಗಡ ಕೊಡದೆ ಮನೆ ಬದಲಾಯಿಸುವ ಜೀವ ತಿಗಣೆ ಒಂದೇ.

"ಮಾವ, ಆ ಲ್ಯಾಂಪ್ ಚೆನ್ನಾಗಿದೆ" ಅಂದ ನಮ್ಮ ಹುಡುಗ. ಕಾರಿನ ಗಾಜು ಏರಿಸಿದೆ.

4.30ಕ್ಕೆ ಸರಿಯಾಗಿ ಒಳಗೆ ಬಿಟ್ಟರು. ಸಾಮಾನು ಇಳಿಸಲು 11 ನಿಮಿಷ ಸಾಕಾಯಿತು. ಲಿಫ್ಟಿಗೆ ಕಾದಿದ್ದು 40 ನಿಮಿಷ. ರೂಮಿಗೆ ಹೋದರೆ ಜೊತೆಗಾರನ ಪುಟ್ಟ ಫ್ರಿಜ್ ಆಗಲೇ ಕೂತಿತ್ತು, ನಮ್ಮದನ್ನು ಅದರ ತಲೆ ಮೇಲೆ ಕೂರಿಸಿದೆವು.

ಅಷ್ಟರಲ್ಲಿ ಅಕ್ಕನ ಫೋನು. ಅಲ್ಲಿ ರಾತ್ರಿ ಮೂರು ಗಂಟೆ ದಾಟಿತ್ತು.

"ನಿದ್ದೆ ಬರ್ಲಿಲ್ಲ ಕಣೋ. ಎಷ್ಟು ಹೊತ್ತಿಗೆ ಒಳಗೆ ಹೋದ್ರಿ?"

"ನಾಲ್ಕೂವರೆಗೆ."

ಆ ಕಡೆ ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಅಲ್ವೇನೋ!"

ನಾನು ತಡವರಿಸಿದೆ. ಹುಡುಗ ಫೋನ್ ಕಿತ್ತುಕೊಂಡ. "ಅಮ್ಮಾ, ಚಿಂತೆ ಮಾಡ್ಬೇಡ. ಇವತ್ತು ರಾಹುಗೂ ಪಾರ್ಕಿಂಗ್ ಸಿಕ್ಕಿರಲ್ಲ."