ಕ್ಲಾಪರ್ ರೋಡಿನಲ್ಲಿ ತುಮಕೂರು

ತುಮಕೂರಿಂದ ಬಂದ ಭಾವನಿಗೆ ನಯಾಗರ ತೋರಿಸೋಣ ಅಂದುಕೊಂಡಿದ್ದೆ. ಅವರು ಕೇಳಿದ್ದು ಕ್ಲಾಪರ್ ರೋಡ್. ಮೇರಿಲ್ಯಾಂಡಿನಲ್ಲಿ ನಮ್ಮ ಮನೆಯ ಹತ್ತಿರವೇ ಇರುವ, ಹಾಲು ಮುಗಿದಾಗ ನಾನು ಗೊಣಗುತ್ತಾ ಹೋಗುವ ರಸ್ತೆ ಅದು.

ಭಾವನ ಹಠಕ್ಕೆ ಕಾರಣವಿತ್ತು. ಕಾಲೇಜು ದಿನಗಳಿಂದ ಅವರು ಹಾಡುತ್ತಾ ಬಂದಿರುವ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಎಂಬ ಇಂಗ್ಲಿಷ್ ಹಾಡು ಹುಟ್ಟಿದ್ದು ಇದೇ ರಸ್ತೆಯಲ್ಲಿ. ಬಿಲ್ ಡ್ಯಾನಾಫ್, ಟ್ಯಾಫಿ ನಿವರ್ಟ್ ಎಂಬ ಜೋಡಿಗೆ ಇಲ್ಲಿ ಕಾರಿನಲ್ಲಿ ಹೋಗುವಾಗ ಹೊಳೆದದ್ದು. 1970ರ ಕೊನೆಯಲ್ಲಿ ಅದನ್ನು ಗಾಯಕ ಜಾನ್ ಡೆನ್ವರ್‌ಗೆ ಕೇಳಿಸಿದರು. ಮೂವರೂ ರಾತ್ರಿಯೆಲ್ಲ ಕೂತು ಹಾಡು ಮುಗಿಸಿದರು. 1971ರಲ್ಲಿ ಡೆನ್ವರ್ ದನಿಯಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 2ನೇ ಸ್ಥಾನಕ್ಕೇರಿತು.

ಆಗ ಇದು ಹಳ್ಳಿ ದಾರಿ. ಈಗ ಸಿಗ್ನಲ್ಲು, ಪೆಟ್ರೋಲ್ ಬಂಕು, ಸಾಲು ಸಾಲು ಕಾರು. ಭಾವ ಕಿಟಕಿಯಿಂದ ನೋಡಿದರು. "ಇದೇನಾ? ಇದಕ್ಕಿಂತ ನಮ್ಮ ಶಿರಾ ಗೇಟೇ ವಾಸಿ ಅಲ್ವೇನಪ್ಪಾ!"

ಸಮಾಧಾನಕ್ಕೆ ಅದೇ ರಸ್ತೆಯ ಸೆನೆಕಾ ಕ್ರೀಕ್ ಪಾರ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಕನ್ನಡದ ಗೆಳೆಯರ ಪಿಕ್ನಿಕ್ ಇತ್ತು. ಭಾವ ಹಾಡುತ್ತಾರೆ ಎಂದು ಎಲ್ಲರೂ ಸುಮ್ಮನಾದರು. ಅವರು ಗಂಟಲು ಸರಿಮಾಡಿಕೊಂಡು ಕಣ್ಣು ಮುಚ್ಚಿದರು. ನನ್ನ ಮಗಳು ಫೋನಿನಲ್ಲಿ ಹಾಡು ಒತ್ತಿದಳು.

ಸ್ಪೀಕರಿನಿಂದ ಬಂದದ್ದು ಡೆನ್ವರ್ ಅಲ್ಲ. ಇದೇ ಹಾಡಿನಿಂದ 2001ರಲ್ಲಿ ಯುರೋಪನ್ನೆಲ್ಲ ಕುಣಿಸಿದ ಡಚ್ ತಂಡ, ಹರ್ಮಿಸ್ ಹೌಸ್ ಬ್ಯಾಂಡ್. ಮಕ್ಕಳು ಎದ್ದು ಕುಣಿಯತೊಡಗಿದರು. ಪುಳಿಯೋಗರೆ ಡಬ್ಬಿ ಮಗುಚಿತು. ಭಾವ ಇನ್ನೂ ಮೊದಲ ಸಾಲಿನಲ್ಲೇ ಇದ್ದರು, ಕಣ್ಣು ಮುಚ್ಚಿಕೊಂಡು.

"ಬೇರೆ ಹಾಕೇ!" ಎಂದೆ. ಈ ಸಲ ರೆಗ್ಗೆ ತಾಳ. ಜಮೈಕಾದ ಟೂಟ್ಸ್ ಆ್ಯಂಡ್ ದ ಮೇಟಲ್ಸ್ ತಂಡ. ನನ್ನ ಕೇಳಿದರೆ ಎಲ್ಲ ಮರುಹಾಡಿಕೆಗಳಲ್ಲಿ ಇದೇ ಜಾಸ್ತಿ ಸೊಗಸು. ಮೂಲ ಹಾಡು ಹೊಗಳುವುದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವನ್ನು; ಟೂಟ್ಸ್ ಅದನ್ನು ತೆಗೆದು ವೆಸ್ಟ್ ಜಮೈಕಾ ಮಾಡಿಬಿಟ್ಟಿದ್ದಾನೆ.

ಭಾವ ಕಣ್ಣು ಬಿಟ್ಟರು. "ಊರು ಬದಲಾಯಿಸಬಹುದಾ?"

ಬದಲಾಯಿಸದೆ ಏನು! ಹಾಡು ಶುರುಮಾಡಿದ ಆ ಜೋಡಿಯೇ ಆಗ ವೆಸ್ಟ್ ವರ್ಜೀನಿಯಾ ಕಂಡಿರಲಿಲ್ಲ. ಡ್ಯಾನಾಫ್ ತನ್ನ ಮ್ಯಾಸಚೂಸೆಟ್ಸನ್ನೇ ಹಾಕಲು ಯೋಚಿಸಿದ್ದನಂತೆ. ಹಾಡಿನಲ್ಲಿ ಬರುವ ಬ್ಲೂ ರಿಡ್ಜ್ ಬೆಟ್ಟ, ಶೆನಾಂಡೋವಾ ನದಿ ಎರಡೂ ವೆಸ್ಟ್ ವರ್ಜೀನಿಯಾವನ್ನು ಮುಟ್ಟುವುದು ಒಂದು ಮೂಲೆಯಲ್ಲಷ್ಟೇ. ಆದರೂ 2014ರಲ್ಲಿ ವೆಸ್ಟ್ ವರ್ಜೀನಿಯಾ ಇದನ್ನು ತನ್ನ ಅಧಿಕೃತ ನಾಡಗೀತೆಗಳಲ್ಲಿ ಸೇರಿಸಿಕೊಂಡಿತು.

ಇಷ್ಟು ಕೇಳಿದ್ದೇ ತಡ, ಭಾವ 'ವೆಸ್ಟ್ ವರ್ಜೀನಿಯಾ' ಬರುವ ಜಾಗಕ್ಕೆ 'ತುಮಕೂರು' ಎಂದು ಹಾಡಿದರು. ಅಳತೆ ತೆಗೆದಂತೆ ಕೂತಿತು! ಶಿವಮೊಗ್ಗದವರು ಎದ್ದರು, ಅವರದ್ದೂ ಕೂತಿತು. ಹುಬ್ಬಳ್ಳಿಯವರು 'ಹುಬ್ಬಳ್ಳೀಈ' ಎಂದು ಎಳೆದು ಹೊಂದಿಸಿಕೊಂಡರು.

ಚಿಕ್ಕಮಗಳೂರಿನವರು ಮಾತ್ರ ಊರಿನ ಹೆಸರು ಮುಗಿಸುವಷ್ಟರಲ್ಲಿ ನಾವೆಲ್ಲ ಮುಂದಿನ ಸಾಲಿನಲ್ಲಿರುತ್ತಿದ್ದೆವು. "ಇಲ್ಲಿ ನಿಜವಾದ ಬೆಟ್ಟ ಇರೋದು ನಮ್ಮೂರಲ್ಲಿ ಕಣ್ರೀ," ಎಂದು ಅವರು ಜಗಳಕ್ಕೇ ಬಂದರು.