ಕೀಬೋರ್ಡ್ ಸುಟ್ಟಿಲ್ಲ ಸ್ವಾಮಿ

ಈಗಷ್ಟೇ ಒಂದು ಫೋನ್ ಬಂತು. ಅದರ ಕತೆ ಆಮೇಲೆ. ಮೊದಲು ಹೊಟ್ಟೆಯಲ್ಲಿರೋದನ್ನ ಕಕ್ಕಿಬಿಡ್ತೀನಿ.

ಶನಿವಾರ ಅಕ್ಕನ ಮಗನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಿ.ಎಚ್. ರಸ್ತೆಯ ಒಂದು ಸರ್ವಿಸ್ ಅಂಗಡಿಗೆ ಹೋಗಿದ್ದೆ. ಹುಡುಗ ಲ್ಯಾಬ್ ಕೆಲಸಕ್ಕೆ ಬೇಕು ಅಂತ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದ. ಲಿನಕ್ಸ್ ಶುರುವಾದರೆ ಕೀಬೋರ್ಡ್ ಸತ್ತಂತೆ ಕೂರುತ್ತಿತ್ತು. ಅಂಗಡಿಯವರು ನಾಲ್ಕು ಕೀ ಒತ್ತಿ ನೋಡಿ, "ಸುಟ್ಟೋಗಿದೆ ಸಾರ್, ಮೂರೂವರೆ ಸಾವಿರ" ಅಂದರು. ಅವರ ಮುಂದೆಯೇ ರೀಸ್ಟಾರ್ಟ್ ಮಾಡಿದೆ. ಯಾವ ಸಿಸ್ಟಮ್ ಬೇಕು ಅಂತ ಮೊದಲೇ ಕೇಳೋ ಗ್ರಬ್ ಮೆನುವಿನಲ್ಲಿ ಬಾಣದ ಕೀ ಒತ್ತಿದರೆ ಬಿಳಿ ಪಟ್ಟಿ ಮೇಲೆ ಕೆಳಗೆ ಓಡಾಡುತ್ತಿದೆ! ಸುಟ್ಟ ಕೀಬೋರ್ಡ್‌ಗೆ ಅಷ್ಟು ಹೊತ್ತು ಮಾತ್ರ ಜೀವ ಬರುತ್ತಾ? "ಹಂಗಾದ್ರೆ ನಿಮ್ಮ ಲಿನಕ್ಸೇ ಸರಿಯಿಲ್ಲ" ಅಂದರು. ನನಗೆ ಪಿತ್ತ ನೆತ್ತಿಗೇರಿದ್ದು ಅಲ್ಲೇ.

ಮನೆಗೆ ಬಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿದೆ. ಅಕ್ಕ ಕಾಫಿ ಇಡುತ್ತಾ, "ಅಷ್ಟು ದುಡ್ಡು ಕೊಟ್ಟು ತಂದಿದ್ದಕ್ಕೆ ಮೇಲೊಂದು ಕೀಬೋರ್ಡಾ?" ಅಂದಳು. ಲಿನಕ್ಸ್‌ನ ತಿರುಳು ಪ್ರೋಗ್ರಾಮ್ ಕರ್ನಲ್, ಅದು ಬರೆದಿಟ್ಟ ಲಾಗ್ ತೆಗೆದರೆ ಒಂದು ಸಾಲು ಕಣ್ಣಿಗೆ ಹೊಡೆಯಿತು: "ಐಆರ್‌ಕ್ಯೂ 1 ಓವರ್‌ರೈಡ್ ಟು ಎಡ್ಜ್, ಹೈ". ಕೀ ಒತ್ತಿದಾಗ ಕೀಬೋರ್ಡ್ ಪ್ರೊಸೆಸರ್‌ಗೆ ಒಂದು ಬೆಲ್ ಹೊಡೆಯುತ್ತೆ, ಅದೇ ಐಆರ್‌ಕ್ಯೂ 1. ಆ ಬೆಲ್ ಯಾವಾಗ ಹೊಡೆದ ಹಾಗೆ, ತಂತಿಯ ವೋಲ್ಟೇಜ್ ಏರಿದಾಗಲೋ ಇಳಿದಾಗಲೋ, ಅಂತ ಹೇಳೋದು ಫರ್ಮ್‌ವೇರ್‌ನ, ಅಂದರೆ ಕಂಪನಿಯವರೇ ಬೋರ್ಡ್‌ನಲ್ಲಿ ತುಂಬಿ ಕಳಿಸೋ ಪ್ರೋಗ್ರಾಮ್‌ನ ಕೆಲಸ. ಈ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ಏನು ಮಾಡಿದೆ ಗೊತ್ತಾ? ಡಿಎಸ್‌ಡಿಟಿ ಅನ್ನೋ ಟೇಬಲ್‌ನಲ್ಲಿ "ಇಳಿದಾಗ" ಅಂತ ಬರೆದಿದೆ. ಎಂಎಡಿಟಿ ಅನ್ನೋ ಇನ್ನೊಂದು ಟೇಬಲ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಸುದ್ದಿ ಇಲ್ಲ ಅಂದರೆ ಹಳೇ ಪಿಸಿಗಳ ಪದ್ಧತಿ, "ಏರಿದಾಗ". ಲಾಗ್‌ನ "ಎಡ್ಜ್, ಹೈ" ಅಂದರೆ ಅದೇ. ಕರ್ನಲ್ ಪಾಪ ಹಳೇ ಪದ್ಧತಿ ನಂಬಿ ಕಿವಿ ಕೊಟ್ಟು ಕೂತಿದೆ. ಹುಡುಗ ಟೈಪ್ ಮಾಡಿದ್ದೇ ಮಾಡಿದ್ದು, ಆ ಕಡೆಗೆ ಬೆಲ್ಲೇ ಕೇಳಿಸಲ್ಲ.

ನಮ್ಮೂರಲ್ಲಿ ಪಹಣಿಯಲ್ಲಿ ಅಪ್ಪನ ಹೆಸರು ಒಂಥರಾ, ಆಧಾರ್‌ನಲ್ಲಿ ಒಂಥರಾ ಇದ್ದರೆ ಅಫಿಡವಿಟ್ ಹಿಡಿದು ಅಲೆಯೋದು ಯಾರು? ತಪ್ಪು ಬರೆದವನಲ್ಲ. ಕರ್ನಲ್ ಒಳಗೂ ಅಂಥ ಅಫಿಡವಿಟ್‌ಗಳ ಕಟ್ಟೇ ಇದೆ, ಕ್ವಿರ್ಕ್ ಅಂತಾರೆ. "ಈ ಕಂಪನಿಯ ಈ ಬೋರ್ಡ್ ಆದರೆ ಟೇಬಲ್ ನಂಬಬೇಡ." "ಈ ಮಾಡೆಲ್ ಆದರೆ ಬ್ಯಾಕ್‌ಲೈಟ್ ಬೇರೆ ದಾರಿಯಲ್ಲಿ ಹಚ್ಚು." ಮಾಡೆಲ್ ಗುರುತಿಸೋಕೆ ಫರ್ಮ್‌ವೇರ್ ಹೇಳೋ ಹೆಸರು, ಡಿಎಂಐ ಅಂತಾರೆ, ಅದನ್ನ ನೋಡಬೇಕು. ಅಲ್ಲೂ ಎಷ್ಟೋ ಮೆಷಿನ್‌ಗಳಲ್ಲಿ "ಟು ಬಿ ಫಿಲ್ಡ್ ಬೈ ಓ.ಇ.ಎಂ.", ಅಂದರೆ ತಯಾರಿಸಿದ ಕಂಪನಿ ತುಂಬಬೇಕು, ಅಂತಲೇ ಉಳಿದಿರುತ್ತೆ. ತುಂಬಬೇಕಾದವನು ಟೀ ಕುಡಿಯೋಕೆ ಹೋದವನು ವಾಪಸ್ ಬಂದೇ ಇಲ್ಲ!

ಇನ್ನೂ ತಮಾಷೆ ಇದೆ. ಫರ್ಮ್‌ವೇರ್ "ನೀನು ವಿಂಡೋಸಾ?" ಅಂತ ಕೇಳಿದರೆ ಲಿನಕ್ಸ್ "ಹೌದು ಸ್ವಾಮಿ" ಅನ್ನುತ್ತೆ. "ನೀನು ಲಿನಕ್ಸಾ?" ಅಂದರೆ "ಅಲ್ಲ". ನಿಜ ಹೇಳಿದರೆ ಯಾರೂ ಟೆಸ್ಟ್ ಮಾಡದ ದಾರಿಗೆ ಬೀಳಬೇಕಾಗುತ್ತೆ, ಅದಕ್ಕೇ.

ಕರ್ನಲ್‌ನವರೇನೂ ದೇವರಲ್ಲ. 2022ರಲ್ಲಿ ಎಎಂಡಿ ಕಂಪನಿಯ ಝೆನ್ ಪ್ರೊಸೆಸರ್ ಇರೋ ಮೆಷಿನ್‌ಗಳಿಗೆಲ್ಲ ಈ ಬೆಲ್ ವಿಷಯದಲ್ಲಿ ಒಂದೇ ನಿಯಮ ಹಾಕಿ ನೋಡಿದರು. ಕೆಲವು ಲ್ಯಾಪ್‌ಟಾಪ್‌ಗಳ ಕೀಬೋರ್ಡ್‌ಗೆ ಜೀವ ಬಂತು, ಬೇರೆ ಕೆಲವು ಮಲಗಿದವು. 2023ರಲ್ಲಿ ಆ ನಿಯಮ ತೆಗೆದರು, ಆಮೇಲೆ ತಿದ್ದಿ ವಾಪಸ್ ತಂದರು. ಒಪ್ಪಿದೆ. ಆದರೆ ಎರಡೂ ಟೇಬಲ್ ಒಂದೇ ಮಾತು ಹೇಳಿದ್ದರೆ ಈ ಸರ್ಕಸ್ ಯಾಕೆ ಬೇಕಿತ್ತು?

"ಲಿನಕ್ಸ್‌ಗೆ ಗಿರಾಕಿ ಎಷ್ಟು ಜನ, ಕಂಪನಿ ಯಾಕೆ ತಲೆಕೆಡಿಸಿಕೊಳ್ಳಬೇಕು" ಅಂತ ಕಾಮೆಂಟ್ ಹಾಕೋರು ಇದ್ದೇ ಇರ್ತೀರಿ. ಲಿನಕ್ಸ್‌ಗೆ ಅಂತ ಏನೂ ಮಾಡಬೇಡಿ ಮಾರಾಯ್ರೇ! ಆ ಟೇಬಲ್‌ಗಳನ್ನ ಹೇಗೆ ಬರೆಯಬೇಕು ಅನ್ನೋ ಎಸಿಪಿಐ ನಿಯಮ 1996ರಲ್ಲೇ ಬಂತು. ಬರೆದವರು ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ, ಯಾರೋ ಲಿನಕ್ಸ್ ಸಂಘದವರಲ್ಲ. ಅದರಲ್ಲಿರೋ ಹಾಗೆ ಬರೆಯಿರಿ, ಸಾಕು. 2016ರಲ್ಲಿ ಏನಾಯ್ತು ಅಂತಾದರೂ ನೆನಪಿದೆಯಾ? ಫರ್ಮ್‌ವೇರ್ ತನಗೆ ಅಂತ ಇಟ್ಟುಕೊಳ್ಳೋ ಸೆಟ್ಟಿಂಗ್‌ಗಳು, ಅಂದರೆ ಯುಇಎಫ್‌ಐ ವೇರಿಯಬಲ್‌ಗಳು, ಲಿನಕ್ಸ್‌ನಲ್ಲಿ ಫೈಲ್‌ಗಳ ಥರ ಕಾಣುತ್ತವೆ; ಅವನ್ನ ಅಳಿಸಿದರೆ ಕೆಲವು ಲ್ಯಾಪ್‌ಟಾಪ್‌ಗಳು ಮತ್ತೆ ಆನ್ ಆಗದೆ ಇಟ್ಟಿಗೆಯಾಗುತ್ತಿದ್ದವು. ಆಗಲೂ ಆ ಫೈಲ್‌ಗಳು ಸುಲಭಕ್ಕೆ ಅಳಿಸದ ಹಾಗೆ ಬೀಗ ಹಾಕಿದ್ದು ಕರ್ನಲ್‌ನವರೇ.

ಇಷ್ಟು ಕೂಗಾಡೋನು ಒಂದು ವಿಷಯ ಒಪ್ಪಿಕೊಳ್ಳಬೇಕು. ತುಮಕೂರಿಂದ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರ್ತಿದ್ದ ಕಾಲದಲ್ಲಿ ನಾನು ಫರ್ಮ್‌ವೇರ್ ಟೆಸ್ಟಿಂಗ್ ಟೀಮಲ್ಲೇ ಇದ್ದೆ. ನಮ್ಮ ಶೀಟ್‌ನಲ್ಲಿ ಇದ್ದದ್ದು ಒಂದೇ ಕಾಲಮ್, ವಿಂಡೋಸ್. ಬೂಟ್ ಆಯ್ತಾ, ಮಲಗಿ ಎದ್ದಿತಾ, ಪಾಸ್. ಲಾಗ್‌ನಲ್ಲಿ ಎಚ್ಚರಿಕೆ ಕಂಡರೂ ಆರೂವರೆ ಟ್ರೈನ್ ತಪ್ಪುತ್ತೆ ಅಂತ ಟಿಕ್ ಹಾಕಿದ್ದೇನೆ. ಒಂದಲ್ಲ, ಲೆಕ್ಕ ಇಟ್ಟಿಲ್ಲ.

ಭಾನುವಾರ ಇಡೀ ಹುಡುಗನ ಜೊತೆ ಕೂತೆ. ಕರ್ನಲ್‌ನ ಕ್ವಿರ್ಕ್ ಪಟ್ಟಿಗೆ ಅವನ ಬೋರ್ಡ್ ಹೆಸರಿನ ಒಂದು ಎಂಟ್ರಿ ಸೇರಿಸಿ ಕರ್ನಲ್ ಕಂಪೈಲ್‌ಗೆ ಬಿಟ್ಟೆವು. ನಡುವೆ ಒಮ್ಮೆ ಕರೆಂಟ್ ಹೋಯಿತು, ಬ್ಯಾಟರಿ ಕೈಬಿಡಲಿಲ್ಲ. ರಾತ್ರಿ ಒಂಬತ್ತಕ್ಕೆ ಹುಡುಗ ಲ್ಯಾಪ್‌ಟಾಪ್‌ನ ಕೀಬೋರ್ಡಿನಲ್ಲೇ ಪಾಸ್‌ವರ್ಡ್ ಹೊಡೆದ. ಒಳಗೆ ಹೋಯಿತು! "ಮಾಮ!" ಅಂತ ಕಿರುಚಿದ ಕೂಗಿಗೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಇನ್ನು ಆ ಫೋನ್. ಸರ್ವಿಸ್ ಅಂಗಡಿಯವರದು. "ಪಾರ್ಟ್ ತರಿಸ್ಲಾ ಸಾರ್?" ಬೇಡ, ಸರಿಹೋಯಿತು ಅಂದೆ.

"ಲಿನಕ್ಸ್ ತೆಗೆದ್ರಾ?"

"ಇಲ್ಲ, ಅದರಲ್ಲೇ ಕೆಲಸ ಮಾಡ್ತಿದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೀಬೋರ್ಡ್ ಎಲ್ಲಿ ಹಾಕಿಸಿದ್ರಿ ಸಾರ್? ಎಷ್ಟು ತಗೊಂಡ್ರು?"